ಗೇಟಿನಲ್ಲಿ ಮೊಬೈಲ್ ನಿಷೇಧ, ಸಂಜೆ ಹೋಮ್‌ವರ್ಕ್ ವಾಟ್ಸ್‌ಆ್ಯಪ್‌ನಲ್ಲಿ: ಹೆಡ್‌ಮಾಸ್ಟ್ರು ನಿಜಕ್ಕೂ ತೀರ್ಮಾನಿಸಬೇಕಾದ್ದು ಯಾವುದು?

ಶಾಲೆ ಗೇಟಿನ ಪಕ್ಕದ ಗೋಡೆ ಮೇಲೆ 'ವಿದ್ಯಾರ್ಥಿಗಳು ಮೊಬೈಲ್ ತರುವುದನ್ನು ನಿಷೇಧಿಸಲಾಗಿದೆ' ಅಂತ ಬರೆದಿರುತ್ತೆ. ಅದೇ ಶಾಲೆಯ ಹತ್ತನೇ ತರಗತಿ ವಾಟ್ಸ್‌ಆ್ಯಪ್ ಗ್ರೂಪಿಗೆ ಸಂಜೆ ಆರು ಗಂಟೆಗೆ ಗಣಿತದ ಲೆಕ್ಕಗಳ ಫೋಟೊ ಬಂದು ಬೀಳುತ್ತೆ. ನಾಳೆ ಮಾಡಿಕೊಂಡು ಬರಬೇಕು. ಬೆಳಿಗ್ಗೆ ಮೊಬೈಲ್ ಮುಟ್ಟಬೇಡ ಅಂದ ಶಾಲೆಯೇ ಸಂಜೆ ಮೊಬೈಲ್ ತೆಗಿ ಅನ್ನುತ್ತೆ. ಈ ಎರಡು ಮಾತಿನ ನಡುವೆ ಸಿಕ್ಕಿಹಾಕಿಕೊಂಡಿರೋದು ಮಕ್ಕಳು ಮಾತ್ರ ಅಲ್ಲ, ಮನೆಯವರೂ ಹೌದು.

ಸಾಗರ, ಹೊಸನಗರದ ಕಡೆ ಡಿಸೆಂಬರ್ ಅಂದ್ರೆ ಅಡಿಕೆ ಸುಲಿಯೋ ಕಾಲ. ಅಪ್ಪ-ಅಮ್ಮ ಇಬ್ಬರೂ ರಾತ್ರಿ ಒಂಬತ್ತರವರೆಗೆ ಅಂಗಳದಲ್ಲಿ ಕೂತಿರುತ್ತಾರೆ. ಮನೆಗೆ ಇರೋದು ಒಂದೇ ಸ್ಮಾರ್ಟ್‌ಫೋನ್ ಆದ್ರೆ ಅದು ಅಪ್ಪನ ಜೇಬಲ್ಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್‌ಗೆ. ವಿಶೇಷ ತರಗತಿಗಳು ಈಗ ಜೋರು. ಸಂಜೆ ಕ್ಲಾಸು ಮುಗಿಯೋ ಹೊತ್ತಿಗೆ ಊರಿನ ಕೊನೇ ಬಸ್ಸು ಹೋಗಿರುತ್ತೋ ಇಲ್ಲವೋ ಅನ್ನೋ ಆತಂಕ ಬೇರೆ. 'ಮಗಳ ಕೈಲಿ ಒಂದು ಫೋನ್ ಇರಲಿ' ಅಂತ ಪೋಷಕರು ಕೇಳೋದು ಈ ತಿಂಗಳುಗಳಲ್ಲೇ. ಶಾಲೆಯವರು ಬೇಡ ಅನ್ನೋದೂ ಈ ತಿಂಗಳುಗಳಲ್ಲೇ.

ಮೊಬೈಲ್ ವಿಷಯದಲ್ಲಿ ಶಾಲೆಯ ತೀರ್ಮಾನ ಅಂದ್ರೆ ಹೆಚ್ಚಿನ ಕಡೆ ಒಂದು ಸಾಲಿನ ಬೋರ್ಡು, ಅಷ್ಟೇ. ಸಿಕ್ಕಿಬಿದ್ದ ಫೋನ್ ಏನು ಮಾಡಬೇಕು, ಯಾವಾಗ ವಾಪಸ್ ಕೊಡಬೇಕು, ಮಗುವಿಗೆ ತುರ್ತಾಗಿ ಮನೆಗೆ ಹೇಳಬೇಕಾದ್ರೆ ದಾರಿ ಯಾವುದು, ಫೋನ್ ಇಲ್ಲದ ಮನೆಯ ಮಗುವಿಗೆ ಹೋಮ್‌ವರ್ಕ್ ಹೇಗೆ ಮುಟ್ಟಬೇಕು – ಈ ಯಾವುದೂ ಬೋರ್ಡಿನಲ್ಲಿ ಇರಲ್ಲ. ಆ ದಿನ ಎದುರಿಗಿರೋ ಮೇಷ್ಟ್ರ ಮನಸ್ಸಿನ ಮೇಲೆ ಎಲ್ಲಾ ನಿಂತಿರುತ್ತೆ.

ಫೋನ್ ಮನೆಗೆ ತಂದದ್ದು ಯಾರು?

ಸ್ವಲ್ಪ ಹಿಂದಕ್ಕೆ ಹೋಗಬೇಕು. 2020ರ ಜೂನ್‌ನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ರಾಜ್ಯ ಸರ್ಕಾರ ಸಣ್ಣ ತರಗತಿಗಳ ಆನ್‌ಲೈನ್ ಪಾಠವನ್ನೇ ನಿಷೇಧಿಸಿತ್ತು. ಚಿಕ್ಕ ಮಕ್ಕಳನ್ನು ಸ್ಕ್ರೀನ್ ಮುಂದೆ ಕೂರಿಸಬಾರದು, ಫೋನ್ ಇಲ್ಲದವರಿಗೆ ಅನ್ಯಾಯ ಆಗುತ್ತೆ ಅನ್ನೋ ವಾದ ಆಗ ಇತ್ತು. ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಅವರು ಪ್ರೊ. ಎಂ.ಕೆ. ಶ್ರೀಧರ್ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿದರು. ಪೋಷಕರು ಕೋರ್ಟಿಗೆ ಹೋದರು. ಜುಲೈ 8ರಂದು ಹೈಕೋರ್ಟ್ ಸರ್ಕಾರದ ನಿಷೇಧಕ್ಕೆ ತಡೆ ಕೊಟ್ಟಿತು. ಸಂವಿಧಾನದ 21 ಮತ್ತು 21ಎ ವಿಧಿಗಳಲ್ಲಿರೋ ಹಕ್ಕಿಗೆ ಈ ಆದೇಶ ಅಡ್ಡಿ ಅಂತ ಮೇಲ್ನೋಟಕ್ಕೆ ಕಾಣುತ್ತೆ ಅನ್ನೋದು ಆಗ ಪೀಠದ ಅಭಿಪ್ರಾಯ.

ಅಲ್ಲಿಂದ ಮುಂದೆ ನಡೆದದ್ದು ಎಲ್ಲರಿಗೂ ಗೊತ್ತು. ಸರ್ಕಾರಿ ಶಾಲೆಗಳಿಗೆ ದೂರದರ್ಶನ ಚಂದನದಲ್ಲಿ 'ಸಂವೇದ' ಪಾಠ ಬಂತು. ವಠಾರದಲ್ಲಿ, ದೇವಸ್ಥಾನದ ಕಟ್ಟೆ ಮೇಲೆ, ಮರದ ಕೆಳಗೆ ಮೇಷ್ಟ್ರು ಪಾಠ ಮಾಡೋ 'ವಿದ್ಯಾಗಮ' ಬಂತು. ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ಅದೂ ನಿಂತು, 2021ರ ಜನವರಿಯಲ್ಲಿ ಮತ್ತೆ ಶುರು ಆಯ್ತು. ನಡುವಿನ ತಿಂಗಳುಗಳಲ್ಲಿ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. ಶರಾವತಿ ಹಿನ್ನೀರಿನ ಕರೂರು-ಬಾರಂಗಿ ಹೋಬಳಿ ಕಡೆ 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಂತ ಬೋರ್ಡು ಎದ್ದದ್ದು ಆ ಕಾಲದಲ್ಲೇ.

ಸಾಲ ಮಾಡಿ, ಕಂತು ಕಟ್ಟಿ, ಅಡಿಕೆ ಮಂಡಿಯಲ್ಲಿ ಮುಂಗಡ ಕೇಳಿ ಫೋನ್ ತಂದ ಮನೆಗಳು ಎಷ್ಟೋ. ಮಕ್ಕಳಿಗೆ ಫೋನ್ ಕೊಡಿಸಿ ಅಂತ ಹೇಳಿದ್ದು ಶಾಲೆಗಳೇ. ಶಾಲೆ ತೆರೆದ ಮೇಲೆ ಫೋನ್ ವಾಪಸ್ ಪೆಟ್ಟಿಗೆಗೆ ಹೋಗಲಿಲ್ಲ, ವಾಟ್ಸ್‌ಆ್ಯಪ್ ಗ್ರೂಪೂ ಮುಚ್ಚಲಿಲ್ಲ. ಅಷ್ಟೇ ಅಲ್ಲ, ಪಠ್ಯಪುಸ್ತಕದ ಪುಟದಲ್ಲೇ ಕ್ಯೂಆರ್ ಕೋಡ್ ಇದೆ. ಅದನ್ನ ಸ್ಕ್ಯಾನ್ ಮಾಡೋದು ಯಾವುದರಲ್ಲಿ? ಈಗ ಮಕ್ಕಳು ಮೊಬೈಲ್ ಬಿಡೋದಿಲ್ಲ ಅಂತ ಪೋಷಕರ ಸಭೆಯಲ್ಲಿ ಮನೆಯವರನ್ನೇ ದೂರೋದು ಅರ್ಧ ಸತ್ಯ.

ಅಂಕಿ-ಅಂಶ ಏನು ಹೇಳುತ್ತೆ?

ಗ್ರಾಮೀಣ ಭಾರತದ ಮಕ್ಕಳ ಬಗ್ಗೆ 'ಅಸರ್' ಸಮೀಕ್ಷೆಯ 2024ರ ವರದಿ ಪ್ರಕಾರ 14ರಿಂದ 16 ವರ್ಷದ ಮಕ್ಕಳ ಪೈಕಿ ಹತ್ತಿರ ಹತ್ತಿರ ಶೇ 90ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಬಳಸೋದು ಗೊತ್ತು ಅಂದವರು ಶೇ 82.2. ಅವರಲ್ಲಿ ಹಿಂದಿನ ವಾರ ಓದಿಗೆ ಸಂಬಂಧಿಸಿ ಫೋನ್ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿ, 'ನೋಡಿ, ಓದೋಕಲ್ಲ, ರೀಲ್ಸ್ ನೋಡೋಕೆ' ಅಂತಾರೆ. ಅದೇ ವರದಿಯ ಮುಂದಿನ ಭಾಗ ಇನ್ನೂ ಮುಖ್ಯ. ಸೋಷಿಯಲ್ ಮೀಡಿಯಾ ಬಳಸೋ ಮಕ್ಕಳಲ್ಲಿ ಕಾಟ ಕೊಡೋ ಪ್ರೊಫೈಲನ್ನು ಬ್ಲಾಕ್ ಅಥವಾ ರಿಪೋರ್ಟ್ ಮಾಡೋಕೆ ಗೊತ್ತಿರೋದು ಶೇ 62 ಮಂದಿಗೆ. ತನ್ನ ಪ್ರೊಫೈಲ್ ಖಾಸಗಿ ಮಾಡಿಕೊಳ್ಳೋಕೆ ಗೊತ್ತಿರೋದು ಶೇ 55.2 ಮಂದಿಗೆ. ಪಾಸ್‌ವರ್ಡ್ ಬದಲಿಸೋಕೆ ಶೇ 57.7. ಅಂದ್ರೆ ಹತ್ತು ಮಕ್ಕಳಲ್ಲಿ ನಾಲ್ಕು ಮಂದಿ ಬಾಗಿಲಿಗೆ ಚಿಲಕ ಹಾಕೋದೇ ಗೊತ್ತಿಲ್ಲದೆ ಬೀದಿಗೆ ಇಳಿದಿದ್ದಾರೆ. ಇದನ್ನ ಕಲಿಸೋ ಕೆಲಸ ಗೇಟಿನ ಬೋರ್ಡು ಮಾಡಲ್ಲ.

ಇನ್ನೊಂದು ಲೆಕ್ಕ. ಸ್ಮಾರ್ಟ್‌ಫೋನ್ ಬಳಸೋಕೆ ಬರೋ ಗಂಡುಮಕ್ಕಳಲ್ಲಿ ಸ್ವಂತ ಫೋನ್ ಇರೋರು ಶೇ 36.2, ಹೆಣ್ಣುಮಕ್ಕಳಲ್ಲಿ ಶೇ 26.9. ಹೋಮ್‌ವರ್ಕ್ ವಾಟ್ಸ್‌ಆ್ಯಪ್‌ನಲ್ಲೇ ಬಂದ್ರೆ ಮೊದಲು ಹಿಂದೆ ಬೀಳೋದು ಯಾರು ಅಂತ ಇದರಲ್ಲೇ ಗೊತ್ತಾಗುತ್ತೆ. ಅಣ್ಣನ ಫೋನ್ ಕೇಳಿ, ಅವನು ಗೇಮ್ ಆಡಿ ಮುಗಿಸೋವರೆಗೆ ಕಾದು, ಕೊನೆಗೆ ಡೇಟಾ ಖಾಲಿ ಅಂತ ಕೇಳಿಸಿಕೊಳ್ಳೋದು ಹೆಣ್ಣುಮಗಳು.

ಡೇಟಾ ಅಂದ ಮೇಲೆ ಅದರ ದರ. 2024ರ ಜುಲೈನಲ್ಲಿ ಕಂಪನಿಗಳು ರೇಟು ಏರಿಸಿದಾಗ ಜಿಯೊದ 28 ದಿನದ, ದಿನಕ್ಕೆ 1.5 ಜಿಬಿ ಪ್ಯಾಕ್ 239ರಿಂದ 299 ರೂಪಾಯಿಗೆ ಹೋಯ್ತು. 'ಒಂದೇ ಒಂದು ವಿಡಿಯೊ ನೋಡಿಕೊಂಡು ಬನ್ನಿ' ಅಂತ ಶಾಲೆ ಸುಲಭವಾಗಿ ಹೇಳಿಬಿಡುತ್ತೆ. ರೀಚಾರ್ಜ್ ಅಂಗಡಿಯ ಕೌಂಟರ್ ಮುಂದೆ ನಿಂತವರಿಗೆ ಅದು ಅಷ್ಟು ಸಣ್ಣ ಮಾತಲ್ಲ.

ಗೇಟಿನ ಹೊರಗೆ: ಅಂಗಡಿಗಳ ಪಾತ್ರ

ಶಾಲೆ ಫೋನ್ ಬೇಡ ಅಂದ್ರೆ ಫೋನ್ ಮಾಯ ಆಗಲ್ಲ, ಜಾಗ ಬದಲಿಸುತ್ತೆ. ಹಳ್ಳಿಯಿಂದ ಬಸ್ಸಿನಲ್ಲಿ ಬರೋ ಹುಡುಗರು ಪರಿಚಯದ ಬೇಕರಿಯಲ್ಲೋ, ಜೆರಾಕ್ಸ್ ಅಂಗಡಿಯಲ್ಲೋ, ಸಲೂನಿನಲ್ಲೋ ಫೋನ್ ಇಟ್ಟು ಶಾಲೆಗೆ ಹೋಗೋದು ಯಾವ ತಾಲ್ಲೂಕು ಕೇಂದ್ರಕ್ಕೂ ಹೊಸದಲ್ಲ. 'ಅಣ್ಣಾ, ಸಂಜೆ ತಗೋತೀನಿ' ಅಂದ್ರೆ ಇಲ್ಲ ಅನ್ನೋಕೆ ಅಂಗಡಿಯವರಿಗೂ ಆಗಲ್ಲ. ಮುಂದೆ ಗಿರಾಕಿ ಆಗೋ ಹುಡುಗ, ಅಪ್ಪನ ಪರಿಚಯ ಬೇರೆ.

ಅಮೆರಿಕದ ನ್ಯೂಯಾರ್ಕ್ ನಗರದಲ್ಲೂ ಇದೇ ಆಗಿತ್ತು ಅಂದ್ರೆ ನಂಬೋದು ಕಷ್ಟ. ಅಲ್ಲಿ 2006ರ ಹೊತ್ತಿಗೆ ಸರ್ಕಾರಿ ಶಾಲೆಗಳಲ್ಲಿ ಮೊಬೈಲ್ ನಿಷೇಧ ಬಿಗಿ ಆಯ್ತು. ತಪಾಸಣೆ ಯಂತ್ರ ಇದ್ದ ಶಾಲೆಗಳ ಮುಂದೆ ವ್ಯಾನುಗಳು ಬಂದು ನಿಂತವು. ಒಂದು ಫೋನ್ ಕಾಯೋಕೆ ದಿನಕ್ಕೆ ಒಂದು ಡಾಲರ್. ದೊಡ್ಡ ವ್ಯಾಪಾರವೇ ಆಯ್ತು. ಒಂದು ಡಾಲರೂ ಭಾರ ಆಗಿದ್ದು ಬಡ ಮಕ್ಕಳಿಗೆ. 2015ರಲ್ಲಿ ನಿಷೇಧ ತೆಗೆದರು, ಅದಕ್ಕೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಹತ್ತು ವರ್ಷ ಕಳೆದು 2025ರ ಸೆಪ್ಟೆಂಬರ್‌ನಿಂದ ಇಡೀ ನ್ಯೂಯಾರ್ಕ್ ರಾಜ್ಯದಲ್ಲೇ ಬೆಳಗಿನ ಬೆಲ್‌ನಿಂದ ಸಂಜೆ ಬೆಲ್‌ವರೆಗೆ ಫೋನ್ ನಿಷೇಧ ಮತ್ತೆ ಬಂದಿದೆ. ಈ ಸಲ ಒಂದು ವ್ಯತ್ಯಾಸ: ಫೋನ್ ಇಡೋ ವ್ಯವಸ್ಥೆ ಮಾಡಬೇಕಾದ್ದು ಶಾಲೆಯೇ, ಪೋಷಕರು ಮಗುವನ್ನು ಸಂಪರ್ಕಿಸೋ ದಾರಿಯನ್ನೂ ಶಾಲೆಯೇ ಕೊಡಬೇಕು.

ಇಲ್ಲಿ ಅಂಗಡಿಯವರು ದುಡ್ಡು ಕೇಳಲ್ಲ, ನಿಜ. ಆದರೆ ಇಟ್ಟ ಫೋನ್ ಕಳೆದ್ರೆ? ಡಿಸ್ಪ್ಲೇ ಒಡೆದ್ರೆ? ಒಂದೇ ಕಂಪನಿಯ ಒಂದೇ ಬಣ್ಣದ ಎರಡು ಫೋನ್ ಅದಲು ಬದಲಾದ್ರೆ? ಹದಿನೈದು ಸಾವಿರದ ಸಾಮಾನು ಚಿಕ್ಕ ಮಾತಲ್ಲ. ಇನ್ನೂ ಕೆಟ್ಟದ್ದು ಅಂದ್ರೆ, ಆ ಫೋನ್‌ನಿಂದ ಮಧ್ಯಾಹ್ನ ಯಾರಿಗಾದ್ರೂ ಕೆಟ್ಟ ಮೆಸೇಜ್ ಹೋದ್ರೆ ಪೊಲೀಸರು ಮೊದಲು ಕೇಳೋದು 'ಫೋನ್ ಆಗ ಎಲ್ಲಿತ್ತು' ಅಂತ. ಪರಿಚಯಕ್ಕೆ ಇಟ್ಟುಕೊಂಡವರು ಉತ್ತರ ಕೊಡಬೇಕಾಗುತ್ತೆ. ಬಿ.ಎಚ್. ರಸ್ತೆ ಆಗಲಿ, ಸೊರಬ ರಸ್ತೆ ಆಗಲಿ, ಶಾಲೆ ಹತ್ತಿರದ ಅಂಗಡಿಯವರು ಮುಖ್ಯ ಶಿಕ್ಷಕರನ್ನು ಒಮ್ಮೆ ಕಂಡು, 'ಇದು ನಿಮ್ಮ ಜವಾಬ್ದಾರಿಯೋ ನಮ್ಮದೋ' ಅಂತ ಕೇಳಿದರೆ ತಪ್ಪೇನಿಲ್ಲ.

ಜೆರಾಕ್ಸ್ ಅಂಗಡಿಗಳದ್ದು ಬೇರೆಯೇ ಕತೆ. ಪ್ರತೀ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ ಹಾಕಿ ಜೆರಾಕ್ಸ್ ಅಂಗಡಿ ಮುಚ್ಚಿಸುತ್ತಾರೆ. ವರ್ಷದ ಉಳಿದ ದಿನ ಅದೇ ಅಂಗಡಿ ಶಾಲೆಯ ಅರ್ಧ ಡಿಜಿಟಲ್ ಕೆಲಸ ಮಾಡಿಕೊಡುತ್ತೆ. 'ಅಣ್ಣಾ, ಜಲಮಾಲಿನ್ಯ, ಹತ್ತು ಪೇಜು, ಬಣ್ಣದ ಫೋಟೊ ಇರಲಿ' ಅಂತ ಮಗು ಹೇಳುತ್ತೆ. ಅಂಗಡಿಯವರೇ ಗೂಗಲ್‌ನಲ್ಲಿ ಹುಡುಕಿ, ಇತ್ತೀಚೆಗೆ ಚಾಟ್‌ಜಿಪಿಟಿಯಲ್ಲಿ ಕೇಳಿ, ಪ್ರಿಂಟ್ ತೆಗೆದು ಸ್ಪೈರಲ್ ಬೈಂಡಿಂಗ್ ಮಾಡಿ ಕೊಡುತ್ತಾರೆ. ಮಗು ಹೊರಗೆ ಹೆಸರು ಬರೆಯುತ್ತೆ. ಮೇಷ್ಟ್ರು ಅಂಕ ಹಾಕುತ್ತಾರೆ. ಇದರಲ್ಲಿ ಕಲಿತವರು ಯಾರು ಅಂದ್ರೆ ಅಂಗಡಿಯವರು. ಅವರನ್ನ ಬೈದು ಪ್ರಯೋಜನ ಇಲ್ಲ, ಕೇಳಿದ್ದನ್ನ ಕೊಡೋದು ಅವರ ವ್ಯಾಪಾರ. ಕೇಳೋ ಹಾಗೆ ಮಾಡಿದ್ದು ಶಾಲೆ.

ಜೊತೆಗೆ ಪ್ರಿಂಟ್‌ಗೆ ಅಂತ ಕಳಿಸಿದ ಮಕ್ಕಳ ಫೋಟೊ, ಆಧಾರ್ ಪ್ರತಿ ಅಂಗಡಿಯ ಕಂಪ್ಯೂಟರಿನಲ್ಲೇ ಉಳಿಯುತ್ತೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ 2023ರಲ್ಲಿ ಬಂದಿದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಹಂತ ಹಂತವಾಗಿ ಜಾರಿಗೆ ಬರುತ್ತವೆ. 18 ತುಂಬದವರೆಲ್ಲ ಅದರಲ್ಲಿ ಮಕ್ಕಳೇ. ಕಾಯ್ದೆಯ ಮಾತು ಹಾಗಿರಲಿ, ಸಂಜೆ ಅಂಗಡಿ ಬಾಗಿಲು ಹಾಕೋ ಮುಂಚೆ ಆ ದಿನದ ಫೈಲುಗಳನ್ನ ಅಳಿಸಿಬಿಡೋದು ಅಂಗಡಿಯವರಿಗೇ ಕ್ಷೇಮ.

ಕಿತ್ತುಕೊಂಡ ಫೋನ್ ಏನಾಗಬೇಕು?

ಪಕ್ಕದ ಶಿರಸಿಯ ಪಿಯು ಕಾಲೇಜೊಂದರಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ನಡೆದದ್ದು ಹಲವರಿಗೆ ನೆನಪಿರಬಹುದು. ವಿದ್ಯಾರ್ಥಿಗಳಿಂದ ವಶಪಡಿಸಿಕೊಂಡ ಫೋನ್‌ಗಳನ್ನ ಎಲ್ಲರೆದುರು ಸುತ್ತಿಗೆಯಿಂದ ಒಡೆದ ವಿಡಿಯೊ ದೇಶವೆಲ್ಲ ಓಡಾಡಿತು. ಭೇಷ್ ಅಂದವರೂ ಇದ್ದರು. ಆದರೆ ಆ ಫೋನ್ ಯಾರ ದುಡ್ಡು? ಹುಡುಗನದ್ದಲ್ಲ, ಅವನ ಅಪ್ಪನದ್ದು. ತಪ್ಪು ಮಾಡಿದ್ದು ಮಗ, ದಂಡ ತೆತ್ತದ್ದು ಅಪ್ಪ. ಯಾವ ನಿಯಮದಲ್ಲಿ ಒಡೆದರು ಅಂತ ಕೇಳಿದ್ರೆ ಬರವಣಿಗೆಯಲ್ಲಿ ತೋರಿಸೋದು ಯಾರಿಗೂ ಸುಲಭ ಅಲ್ಲ.

2022ರ ನವೆಂಬರ್‌ನಲ್ಲಿ ಬೆಂಗಳೂರಿನ ಖಾಸಗಿ ಶಾಲೆಗಳಲ್ಲಿ ಮೊಬೈಲ್ ತರ್ತಾರೆ ಅನ್ನೋ ದೂರಿನ ಮೇಲೆ ಬ್ಯಾಗ್ ತಪಾಸಣೆ ಶುರು ಮಾಡಿದ್ರು. ಹುಡುಕಿದ್ದು ಮೊಬೈಲ್, ಸಿಕ್ಕಿದ್ದು ಸಿಗರೇಟು, ಲೈಟರ್, ಗರ್ಭನಿರೋಧಕಗಳು. ಮಾಧ್ಯಮದವರಿಗೆ ಒಂದು ವಾರದ ಸುದ್ದಿ ಆಯ್ತು. ಹದಿಹರೆಯದ ಮಕ್ಕಳ ಚೀಲ ತೆಗೆದು ನೋಡೋ ಮುಂಚೆ ಸಿಕ್ಕಿದ್ದನ್ನ ಏನು ಮಾಡ್ತೀವಿ, ಯಾರಿಗೆ ಹೇಳ್ತೀವಿ, ಹೇಗೆ ಹೇಳ್ತೀವಿ ಅಂತ ಯೋಚಿಸಿರಬೇಕು. ಯೋಚಿಸದೆ ತೆಗೆದರೆ ಮೇಷ್ಟ್ರಿಗೂ ಕಷ್ಟ, ಮಗುವಿಗೂ ಕಷ್ಟ.

ಚೀಲಕ್ಕಿಂತಲೂ ಸೂಕ್ಷ್ಮ ವಿಷಯ ಫೋನಿನ ಒಳಗಿನದು. ಕಿತ್ತುಕೊಂಡ ಫೋನಿನ ಲಾಕ್ ತೆಗೆಸಿ ಗ್ಯಾಲರಿ, ಮೆಸೇಜ್ ನೋಡೋದು ಶಿಸ್ತು ಅಂತ ಕೆಲವರು ಅಂದುಕೊಂಡಿದ್ದಾರೆ. ಅದರಲ್ಲೂ ಹುಡುಗಿಯ ಫೋನ್ ಸ್ಟಾಫ್ ರೂಮಿನಲ್ಲಿ ನಾಲ್ಕು ಜನ ತೆಗೆದು ನೋಡಿದ್ರೆ, ಆ ಮಗು ಮಾರನೇ ದಿನದಿಂದ ಶಾಲೆಗೇ ಬರದೆ ಇರಬಹುದು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯೋದನ್ನ ಮಾತ್ರ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತೆ. ಅಪಾಯದ ಸುಳಿವು ನಿಜಕ್ಕೂ ಇದ್ದರೆ ಪೋಷಕರನ್ನ ಕರೆಸಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಬೇಕು, ಅಪರಾಧ ಅನ್ನಿಸಿದ್ರೆ ಪೊಲೀಸರಿಗೆ ಕೊಡಬೇಕು. ಸ್ಟಾಫ್ ರೂಮು ಠಾಣೆ ಅಲ್ಲ.

ದೆಹಲಿ ಹೈಕೋರ್ಟ್ 2025ರ ಫೆಬ್ರವರಿ 28ರಂದು ಕೊಟ್ಟ ಆದೇಶ ಇಲ್ಲಿ ಉಪಯೋಗಕ್ಕೆ ಬರುತ್ತೆ. ಕೇಂದ್ರೀಯ ವಿದ್ಯಾಲಯದ ವಿದ್ಯಾರ್ಥಿಯೊಬ್ಬರ ಪ್ರಕರಣದಲ್ಲಿ ನ್ಯಾಯಮೂರ್ತಿ ಅನೂಪ್ ಜೈರಾಮ್ ಭಂಭಾನಿ ಅವರು, ಶಾಲೆಗೆ ಸ್ಮಾರ್ಟ್‌ಫೋನ್ ತರೋದನ್ನ ಪೂರ್ತಿ ನಿಷೇಧಿಸೋದು ಸರಿಯೂ ಅಲ್ಲ, ನಡೆಯೋದೂ ಇಲ್ಲ, ಆದರೆ ಬಳಕೆಗೆ ನಿಯಂತ್ರಣ ಬೇಕು ಅಂದರು. ಸಾಧ್ಯ ಇದ್ದಲ್ಲಿ ಬೆಳಿಗ್ಗೆ ಫೋನ್ ಒಪ್ಪಿಸಿ ಸಂಜೆ ವಾಪಸ್ ಪಡೆಯೋ ವ್ಯವಸ್ಥೆ ಇರಲಿ, ತರಗತಿಯಲ್ಲಿ ಬಳಕೆ ಬೇಡ, ಶಾಲೆಯ ಸಾಮಾನ್ಯ ಜಾಗಗಳಲ್ಲಿ, ಶಾಲಾ ವಾಹನದಲ್ಲಿ ಕ್ಯಾಮೆರಾ-ರೆಕಾರ್ಡಿಂಗ್ ಬೇಡ, ಸುರಕ್ಷತೆಗೆ ಮನೆಗೆ ಸಂಪರ್ಕಿಸೋಕೆ ಇರಲಿ, ಮೋಜಿಗೆ ಬೇಡ. ನಿಯಮ ಮುರಿದ್ರೆ ಏನು ಶಿಕ್ಷೆ ಅನ್ನೋದು ಮುಂಚೆಯೇ ಸ್ಪಷ್ಟ ಇರಬೇಕು, ವಶಪಡಿಸಿಕೊಳ್ಳೋದು ಶಿಕ್ಷೆ ಆಗಬಹುದು, ಆದರೆ ಅತಿ ಆಗಬಾರದು. ನಿಯಮ ಮಾಡುವಾಗ ಪೋಷಕರು, ಶಿಕ್ಷಕರು, ತಜ್ಞರನ್ನ ಕೇಳಬೇಕು. ದೆಹಲಿ ಕೋರ್ಟಿನ ಮಾತು ಕರ್ನಾಟಕದ ಶಾಲೆಗಳಿಗೆ ಕಡ್ಡಾಯ ಅಲ್ಲ. ಆದರೂ ಹೆಡ್‌ಮಾಸ್ಟ್ರು ಎದುರಿಗೆ ಇಟ್ಟುಕೊಂಡು ತಮ್ಮ ನಿಯಮ ಬರೆಯೋಕೆ ಇದಕ್ಕಿಂತ ಒಳ್ಳೇ ಮಾದರಿ ಸದ್ಯಕ್ಕೆ ಕೈಗೆ ಸಿಗೋದು ಕಷ್ಟ.

ನಿಷೇಧದಿಂದ ಉಪಯೋಗ ಇದೆಯೇ?

ಇದೆ, ಆದರೆ ಅಂದುಕೊಂಡಷ್ಟಲ್ಲ. ಇಂಗ್ಲೆಂಡಿನ ನಾಲ್ಕು ನಗರಗಳ 91 ಶಾಲೆಗಳನ್ನ ನೋಡಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಅಧ್ಯಯನವೊಂದು 2015ರಲ್ಲಿ ಹೇಳಿದ್ದು: ಫೋನ್ ನಿಷೇಧಿಸಿದ ಮೇಲೆ ಕಡಿಮೆ ಅಂಕದ ಮಕ್ಕಳ ಫಲಿತಾಂಶ ಚೆನ್ನಾಗಿ ಸುಧಾರಿಸಿತು, ಮೊದಲಿಂದಲೂ ಮುಂದಿದ್ದವರಿಗೆ ವ್ಯತ್ಯಾಸ ಆಗಲಿಲ್ಲ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ರಾಜ್ಯದ ಫಲಿತಾಂಶ ಶೇ 66.14ಕ್ಕೆ ನಿಂತಿರುವಾಗ, ಮೂವರಲ್ಲಿ ಒಬ್ಬ ಫೇಲಾಗುತ್ತಿರುವಾಗ, ಹಿಂದೆ ಬಿದ್ದ ಮಗುವಿಗೆ ತರಗತಿಯಲ್ಲಿ ಗಮನ ಸಿಗೋದು ಸಣ್ಣ ಲಾಭ ಅಲ್ಲ. ಪಾಠದ ಹೊತ್ತಲ್ಲಿ ಫೋನ್ ಬೇಡ ಅನ್ನೋದರಲ್ಲಿ ಎರಡು ಮಾತೇ ಇರಬಾರದು.

ಆದರೆ 2025ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 30 ಶಾಲೆಗಳ 1,227 ಮಕ್ಕಳನ್ನ ಹೋಲಿಸಿ ಪ್ರಕಟಿಸಿದ ಅಧ್ಯಯನ ಬೇರೆ ಮಾತು ಹೇಳುತ್ತೆ. ಬಿಗಿ ನಿಯಮದ ಶಾಲೆಯ ಮಕ್ಕಳಿಗೂ ಸಡಿಲ ನಿಯಮದ ಶಾಲೆಯ ಮಕ್ಕಳಿಗೂ ಮಾನಸಿಕ ಆರೋಗ್ಯದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ದಿನದ ಒಟ್ಟು ಫೋನ್ ಬಳಕೆಯೂ ಕಡಿಮೆ ಆಗಿರಲಿಲ್ಲ. ಶಾಲೆಯಲ್ಲಿ ಉಳಿದ ಹೊತ್ತು ಮನೆಯಲ್ಲಿ ಬಡ್ಡಿ ಸಮೇತ ವಸೂಲಾಗುತ್ತೆ ಅಂತ ಅರ್ಥ.

ಜಗತ್ತಿನಲ್ಲಿ ಗಾಳಿ ಮಾತ್ರ ನಿಷೇಧದ ಕಡೆಗೇ ಇದೆ. ಫ್ರಾನ್ಸ್ 2018ರಲ್ಲೇ ಕಾನೂನು ಮಾಡಿತು. ಯುನೆಸ್ಕೊ ಲೆಕ್ಕದಲ್ಲಿ 2024ರ ಕೊನೆಗೆ 79 ಶಿಕ್ಷಣ ವ್ಯವಸ್ಥೆಗಳಲ್ಲಿ, ಅಂದ್ರೆ ಶೇ 40ರಷ್ಟು ಕಡೆ, ಶಾಲೆಯಲ್ಲಿ ಸ್ಮಾರ್ಟ್‌ಫೋನ್‌ಗೆ ಯಾವುದಾದರೊಂದು ನಿಷೇಧ ಇದೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸೋಷಿಯಲ್ ಮೀಡಿಯಾ ಖಾತೆಯನ್ನೇ ಬಂದ್ ಮಾಡಿದೆ. ಆದರೆ ಅಲ್ಲಿನ ಶಾಲೆಗಳಲ್ಲಿ ಲ್ಯಾಪ್‌ಟಾಪ್, ಟ್ಯಾಬ್, ಲೈಬ್ರರಿ ಇದೆ. ಫೋನ್ ತೆಗೆದರೆ ಬೇರೆ ಇದೆ. ಇಲ್ಲಿ ಎಷ್ಟೋ ಮಗುವಿಗೆ ಅಪ್ಪನ ಫೋನೇ ಲ್ಯಾಪ್‌ಟಾಪ್, ಅದೇ ಲೈಬ್ರರಿ.

ಮನೆಯ ಹೊತ್ತಿನ ಬಗ್ಗೆ ಊರೇ ತೀರ್ಮಾನ ಮಾಡಿದ ಉದಾಹರಣೆ ದೂರದಲ್ಲಿಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಆದ್ರೆ ಒಂದೂವರೆ ಗಂಟೆ ಟಿವಿ, ಮೊಬೈಲ್ ಬಂದ್. ಬೆಳಗಾವಿ ಪಕ್ಕದ ಹಲಗಾದಲ್ಲಿ 2025ರ ಡಿಸೆಂಬರ್‌ನಲ್ಲಿ ಇದೇ ಥರ ಏಳರಿಂದ ಒಂಬತ್ತು ಶುರು ಮಾಡಿದರು. ಅಲ್ಲಿ ಫೋನ್ ಆಫ್ ಮಾಡೋದು ಮಕ್ಕಳಷ್ಟೇ ಅಲ್ಲ, ದೊಡ್ಡವರೂ. ಸೀರಿಯಲ್ ನೋಡೋ ಅಮ್ಮ, ಐಪಿಎಲ್ ನೋಡೋ ಅಪ್ಪ ಸುಮ್ಮನಿದ್ದು ಮಗನಿಗೆ ಮಾತ್ರ 'ಫೋನ್ ಇಡು' ಅಂದ್ರೆ ಕೇಳೋನು ಯಾರು? ಹೀಗೆ ಮಾಡೋ ಊರಲ್ಲಿ ಹೋಮ್‌ವರ್ಕ್ ಏಳು ಗಂಟೆಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದ್ರೆ ಸೈರನ್ನಿಗೂ ಶಾಲೆಗೂ ಜಗಳ ಆಗುತ್ತೆ.

ಎಸ್‌ಡಿಎಂಸಿ ಸಭೆಗೆ ಬರಬೇಕಾದ ಮಾತು

ಸರ್ಕಾರಿ ಶಾಲೆಯಲ್ಲಿ ಇದನ್ನ ತೀರ್ಮಾನಿಸೋಕೆ ಜಾಗ ಇದೆ: ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧ ಹೆಣ್ಣುಮಕ್ಕಳು. ಆದರೆ ಸಭೆಯಲ್ಲಿ ಬರೋದು ಹೆಚ್ಚಾಗಿ ಕಾಂಪೌಂಡು, ಶೌಚಾಲಯ, ಬಿಸಿಯೂಟದ ತರಕಾರಿ. ಖಾಸಗಿ ಶಾಲೆಯಲ್ಲಿ ಆಡಳಿತ ಮಂಡಳಿ ಡೈರಿಯ ಹಿಂದಿನ ಪುಟದಲ್ಲಿ ಇಂಗ್ಲಿಷಿನಲ್ಲಿ ನಿಯಮ ಅಚ್ಚು ಹಾಕಿಸುತ್ತೆ, ಪೋಷಕರು ಓದದೆ ಸಹಿ ಹಾಕುತ್ತಾರೆ.

ತೀರ್ಮಾನ ಏನಿರಬೇಕು ಅನ್ನೋದು ಅಷ್ಟೇನೂ ಕಗ್ಗಂಟಲ್ಲ. ಫೋನ್ ತರಲೇಬೇಕಾದ ಮಕ್ಕಳು, ಅಂದ್ರೆ ದೂರದ ಊರಿಂದ ಬಂದು ಸಂಜೆ ವಿಶೇಷ ತರಗತಿಗೆ ನಿಲ್ಲೋರು, ಪೋಷಕರ ಚೀಟಿ ತಂದು ಹೆಸರು ಬರೆಸಲಿ. ಬೆಳಿಗ್ಗೆ ಆಫ್ ಮಾಡಿದ ಫೋನ್ ಬೀಗ ಇರೋ ಪೆಟ್ಟಿಗೆಗೆ, ಸಂಜೆ ಕೊನೇ ಬೆಲ್‌ಗೆ ಕೈಗೆ. ಪೆಟ್ಟಿಗೆಗೆ ಬೇಕಾದ್ದು ಒಂದು ಹಳೇ ಬೀರು, ಒಂದು ರಿಜಿಸ್ಟರು, ಬೀಗದ ಕೈ ಇಟ್ಟುಕೊಳ್ಳೋ ಒಬ್ಬ ಮೇಷ್ಟ್ರು. ಮೇಷ್ಟ್ರಿಗೆ ಇನ್ನೊಂದು ಕೆಲಸ ಅಂತ ಗೊಣಗಾಟ ಬರುತ್ತೆ. ಅದು ನ್ಯಾಯವೇ, ಸ್ಯಾಟ್ಸ್ ಎಂಟ್ರಿಯಿಂದ ಬಿಸಿಯೂಟದ ಲೆಕ್ಕದವರೆಗೆ ಅವರೇ ಸ್ವಂತ ಫೋನಿನಲ್ಲಿ ಮಾಡ್ತಾ ಇದ್ದಾರೆ. ಆದರೂ ಬೇಕರಿಯ ಗಲ್ಲಾಪೆಟ್ಟಿಗೆ ಪಕ್ಕ ಇಡೋದಕ್ಕಿಂತ ಇದು ಮೇಲು.

ಕದ್ದು ತಂದದ್ದು ಸಿಕ್ಕಿಬಿದ್ರೆ ಎಷ್ಟು ದಿನ, ಯಾರ ಕೈಗೆ ವಾಪಸ್ ಅನ್ನೋದು ಬರವಣಿಗೆಯಲ್ಲಿ ಇರಬೇಕು. ಒಳಗಿನದ್ದನ್ನ ತೆರೆಯೋದಿಲ್ಲ ಅನ್ನೋದೂ ಇರಬೇಕು. 'ವರ್ಷದ ಕೊನೆಗೆ ಕೊಡ್ತೀವಿ' ಅನ್ನೋ ಶಾಲೆಗಳಿವೆ. ಅದು ಮನೆಗೆಲ್ಲ ಇರೋ ಒಂದೇ ಫೋನ್ ಆಗಿದ್ರೆ ಅಪ್ಪನ ಫೋನ್‌ಪೇ, ಬ್ಯಾಂಕ್ ಒಟಿಪಿ, ಕೂಲಿ ಕರೆಯೋ ನಂಬರು ಎಲ್ಲಾ ಅದರಲ್ಲೇ. ಮನೆ ವ್ಯವಹಾರವೇ ನಿಲ್ಲುತ್ತೆ.

ಇನ್ನು ಶಾಲೆ ತನಗೆ ತಾನೇ ಹಾಕಿಕೊಳ್ಳಬೇಕಾದ ನಿಯಮ, ಇದೇ ಎಲ್ಲಕ್ಕಿಂತ ಕಷ್ಟದ್ದು. ಹೋಮ್‌ವರ್ಕ್ ತರಗತಿಯಲ್ಲೇ, ಬೋರ್ಡಿನ ಮೇಲೆ ಬರೆದು, ನೋಟ್‌ಬುಕ್ಕಿಗೆ ಇಳಿಸಿ ಕಳಿಸಬೇಕು. ವಾಟ್ಸ್‌ಆ್ಯಪ್ ಗ್ರೂಪು ಪೋಷಕರಿಗೆ ರಜೆ, ಸಭೆ, ಶುಲ್ಕದ ಸೂಚನೆ ಕೊಡೋಕೆ ಸಾಕು. ವಿಡಿಯೊ ತೋರಿಸಲೇಬೇಕಾದ್ರೆ ಸ್ಮಾರ್ಟ್ ಕ್ಲಾಸ್ ಟಿವಿ ಇದ್ದಲ್ಲಿ ಅದರಲ್ಲಿ ಎಲ್ಲರಿಗೂ ಒಟ್ಟಿಗೆ ತೋರಿಸಬಹುದು. ಪ್ರಾಜೆಕ್ಟಿಗೆ ಪ್ರಿಂಟ್ ಬೇಡ, ಕೈಬರಹದ ನಾಲ್ಕು ಪುಟ ಸಾಕು, ಅದೂ ಊರಿನ ಕೆರೆ, ತೋಟ, ಸಂತೆ ನೋಡಿ ಬರೆದದ್ದು ಅಂದ್ರೆ ಜೆರಾಕ್ಸ್ ಅಂಗಡಿಯವರಿಗೆ ನಾಲ್ಕು ದುಡ್ಡು ಕಮ್ಮಿ ಆಗಬಹುದು. ಅವರ ಮಕ್ಕಳೂ ಅದೇ ಶಾಲೆಗೆ ಹೋಗೋರು, ಬೇಜಾರು ಮಾಡಿಕೊಳ್ಳಲಾರರು.

ಕಲಿಸೋ ಕೆಲಸ ಉಳಿಯುತ್ತೆ. ಬ್ಲಾಕ್ ಮಾಡೋದು, ಪ್ರೊಫೈಲ್ ಮುಚ್ಚೋದು, ಒಟಿಪಿ ಯಾರಿಗೂ ಹೇಳದೆ ಇರೋದು, ದುಡ್ಡು ಹೋದ ಕೂಡಲೇ 1930ಕ್ಕೆ ಫೋನ್ ಮಾಡೋದು, ಯಾರೋ ಫೋಟೊ ಇಟ್ಟುಕೊಂಡು ಹೆದರಿಸಿದ್ರೆ ಮನೆಯಲ್ಲಿ ಯಾರಿಗೆ ಮೊದಲು ಹೇಳಬೇಕು ಅನ್ನೋದು. ಎಂಟು-ಒಂಬತ್ತನೇ ತರಗತಿಗೆ ವಾರಕ್ಕೆ ಒಂದು ಪೀರಿಯಡ್, ಎರಡು ತಿಂಗಳು ಸಾಕು. ಕಂಪ್ಯೂಟರ್ ಲ್ಯಾಬ್ ಇಲ್ಲದಿದ್ರೂ ಮೇಷ್ಟ್ರ ಒಂದೇ ಫೋನಿನಲ್ಲಿ ತೋರಿಸಬಹುದು. ನಿಜಕ್ಕೂ ಚಟಕ್ಕೆ ಬಿದ್ದ ಮಗು ಅಂದ್ರೆ ಬೈಗುಳದಿಂದ ಸರಿ ಹೋಗಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೆ ಅಂತ 'ಶಟ್' ಕ್ಲಿನಿಕ್ ಇದೆ, ಅಷ್ಟು ದೂರ ಹೋಗೋಕೆ ಆಗದವರಿಗೆ ಟೆಲಿ-ಮಾನಸ್ 14416 ನಂಬರಿಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಫೋನ್ ಬೇಡ ಅನ್ನೋ ಶಾಲೆ ತನ್ನದೊಂದು ಫೋನ್ ಇಟ್ಟುಕೊಳ್ಳಬೇಕು. ಹೆಡ್‌ಮಾಸ್ಟ್ರ ಸ್ವಂತ ನಂಬರಲ್ಲ. ಆಫೀಸಿನ ಮೇಜಿನ ಮೇಲೆ ಸದಾ ಇರೋ, ಯಾರಾದ್ರೂ ಎತ್ತೋ, ಗೇಟಿನ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದ ನಂಬರು. ಸಂಜೆ ಐದೂಮುಕ್ಕಾಲಿಗೆ ವಿಶೇಷ ತರಗತಿ ಬಿಟ್ಟು, ಬಸ್ಸು ತಪ್ಪಿ, ಮಗಳು 'ಅಪ್ಪಾ, ಸ್ಟ್ಯಾಂಡಲ್ಲಿ ಇದ್ದೀನಿ' ಅಂತ ಹೇಳೋಕೆ ಅದರಲ್ಲಿ ಒಂದು ಕಾಲ್ ಸಿಕ್ಕಿದ್ರೆ, ಫೋನ್ ಕೊಡಿಸಿ ಅಂತ ಕೇಳೋ ಪೋಷಕರಲ್ಲಿ ಅರ್ಧ ಮಂದಿ ಕೇಳೋದೇ ಬಿಡಬಹುದು.